ಲಾ ಫರ್ಮ್‌ನ ವಿಡಿಯೊ ಸಂದರ್ಶನ: ಕ್ಯಾಮೆರಾ ಮುಂದೆ ಕೂರುವ ಮೊದಲು

ಹುಬ್ಬಳ್ಳಿ-ಧಾರವಾಡದಲ್ಲಿ ಕಾನೂನು ಓದಿದವರು ಬೆಂಗಳೂರು, ಮುಂಬೈನ ಲಾ ಫರ್ಮ್‌ಗಳಿಗೆ ಅರ್ಜಿ ಹಾಕಿದರೆ ಮೊದಲ ಸುತ್ತು ಈಗ ಎಷ್ಟೋ ಸಲ ವಿಡಿಯೊದಲ್ಲೇ ಮುಗಿಯುತ್ತದೆ. ರಾತ್ರಿ ಬಸ್ಸಿನ ಖರ್ಚು ಉಳಿಯಿತು, ಒಳ್ಳೆಯದೇ. ಆದರೆ ನಮ್ಮ ಆಫೀಸಿಗೆ ಇಂಟರ್ನ್‌ಶಿಪ್‌ಗೆ ಬಂದವರು ಲ್ಯಾಪ್‌ಟಾಪ್ ಮುಂದೆ ತಡವರಿಸುವುದನ್ನು ನೋಡಿ ನೋಡಿ ಸಂಕಟವಾಗುತ್ತದೆ. ಎದುರಿಗೆ ಕೂರಿಸಿ ಕೇಳಿದರೆ ಕಲಂ ಸಮೇತ ಸರಾಗವಾಗಿ ಹೇಳುವವರು, ಕ್ಯಾಮೆರಾ ಆನ್ ಆದ ಕೂಡಲೇ ಬಾಯಿಪಾಠ ಒಪ್ಪಿಸಲು ಶುರು ಮಾಡುತ್ತಾರೆ.

ಮೊದಲು ಬಂದ ಮೇಲ್ ಪೂರ್ತಿ ಓದಿ. ಸಂದರ್ಶನದಲ್ಲಿ ಎರಡು ಬಗೆ. ಝೂಮ್, ಗೂಗಲ್ ಮೀಟ್, ಟೀಮ್ಸ್‌ನಲ್ಲಿ ವಕೀಲರೇ ಎದುರಿಗೆ ಬಂದು ಮಾತಾಡುವುದು ಒಂದು. ಇನ್ನೊಂದರಲ್ಲಿ ಆಚೆ ಕಡೆ ಯಾರೂ ಇರುವುದಿಲ್ಲ. ಪರದೆ ಮೇಲೆ ಪ್ರಶ್ನೆ ಬರುತ್ತದೆ, ಯೋಚಿಸಲು ಅರ್ಧ ನಿಮಿಷವೋ ಏನೋ ಕೊಡುತ್ತಾರೆ, ಆಮೇಲೆ ರೆಕಾರ್ಡಿಂಗ್ ತಾನಾಗೇ ಶುರು. ಟೈಮ್ ಮುಗಿದರೆ ಮಾತಿನ ಮಧ್ಯೆಯೇ ಕಟ್. ಮತ್ತೊಮ್ಮೆ ಹೇಳಲು ಅವಕಾಶ ಇದೆಯಾ ಇಲ್ವಾ ಅಂತ ಮೊದಲೇ ನೋಡಿಕೊಳ್ಳಿ. ಅಭ್ಯಾಸಕ್ಕೆ ಪ್ರಶ್ನೆ ಕೊಟ್ಟಿದ್ದರೆ ಬಿಡಬೇಡಿ. ಕೊನೇ ದಿನದ ರಾತ್ರಿಗೆ ಇಟ್ಟುಕೊಳ್ಳಲೇಬೇಡಿ. ನಮ್ಮಲ್ಲಿ ಏಪ್ರಿಲ್-ಮೇ ಸಂಜೆ ಗುಡುಗಿದರೆ ಸಾಕು, ಕರೆಂಟ್ ಹೋಗುತ್ತದೆ.

ಜಾಗದ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಿಟಕಿ ಎದುರಿಗಿರಲಿ, ಬೆನ್ನಿಗೆ ಖಾಲಿ ಗೋಡೆ ಇರಲಿ, ಫ್ಯಾನ್ ಬಂದ್ ಆಗಿರಲಿ. ದಪ್ಪ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರುತ್ತದೆ. ವೈಫೈ ಇದ್ದರೂ ಮೊಬೈಲ್‌ನಲ್ಲಿ ಡೇಟಾ ಇಟ್ಟುಕೊಳ್ಳಿ. ಧಾರವಾಡದ ಸಪ್ತಾಪುರದ ಪಿಜಿಯಲ್ಲಿ ಮೂವರ ಜೊತೆ ಇರುವವರು ಆ ಒಂದು ಗಂಟೆಗೆ ಗೆಳೆಯರ ಮನೆಯಲ್ಲೋ ಪರಿಚಯದ ವಕೀಲರ ಆಫೀಸಿನಲ್ಲೋ ಒಂದು ಕೋಣೆ ಕೇಳಿಕೊಳ್ಳಿ, ಯಾರೂ ಇಲ್ಲ ಅನ್ನುವುದಿಲ್ಲ. ಅಗ್ಗದ ರಿಂಗ್ ಲೈಟ್‌ಗೆ ದುಡ್ಡು ಹಾಕಬೇಡಿ. ಕನ್ನಡಕ ಹಾಕುವವರಿಗೆ ಕಣ್ಣಲ್ಲಿ ಎರಡು ಬಿಳಿ ಬಳೆ ಕಾಣುತ್ತವೆ, ಅಷ್ಟೇ ಲಾಭ. ಬ್ಲೂಟೂತ್ ಇಯರ್‌ಬಡ್ಸ್ ಮಧ್ಯದಲ್ಲಿ ಚಾರ್ಜ್ ಮುಗಿಸಿ ಕೈಕೊಡುತ್ತವೆ. ವೈರ್ ಇರುವ ಇಯರ್‌ಫೋನೇ ಸರಿ. ನಕಲಿ ಹಿನ್ನೆಲೆ ಬೇಡವೇ ಬೇಡ, ತಲೆ ಅಲ್ಲಾಡಿಸಿದರೆ ಅರ್ಧ ಕಿವಿ ಮಾಯವಾಗುತ್ತದೆ.

ಬಟ್ಟೆ: ಇಸ್ತ್ರಿ ಮಾಡಿದ ಬಿಳಿ ಅಥವಾ ತಿಳಿ ಬಣ್ಣದ ಅಂಗಿ, ಮೇಲೆ ಕಪ್ಪು ಕೋಟು. ಸೀರೆ, ಚೂಡಿದಾರವೂ ನಡೆಯುತ್ತದೆ. ಕೆಲವರು ಉತ್ಸಾಹದಲ್ಲಿ ಕೊರಳಿಗೆ ಬ್ಯಾಂಡ್ ಕಟ್ಟಿಕೊಂಡು ಕೂರುತ್ತಾರೆ. ಬ್ಯಾಂಡು, ಗೌನು ಸನ್ನದು ಪಡೆದ ವಕೀಲರು ಕೋರ್ಟಿನಲ್ಲಿ ಹಾಕುವಂಥವು. ಕೋರ್ಟಿನ ಹೊರಗೆ ಹಾಕಿಕೊಂಡು ತಿರುಗಬಾರದು ಎಂದು ಬಾರ್ ಕೌನ್ಸಿಲ್ ನಿಯಮವೇ ಹೇಳುತ್ತದೆ. ಸಂದರ್ಶನ ಮಾಡುವವರಿಗೆ ಅದು ಚೆನ್ನಾಗಿ ಗೊತ್ತು.

ಇನ್ನು ಉತ್ತರಗಳ ತಯಾರಿ. ಮುಕ್ಕಾಲು ಸಮಯ ಇದಕ್ಕೇ ಇಡಿ.

ಉತ್ತರವನ್ನು ಪೂರ್ತಿ ಬರೆಯಬೇಡಿ. ಬರೆದರೆ ಓದಬೇಕು ಅನ್ನಿಸುತ್ತದೆ, ಓದಿದರೆ ಕಣ್ಣು ಎಡದಿಂದ ಬಲಕ್ಕೆ ಸರಿಯುವುದು ಆಚೆಯವರಿಗೆ ಎದ್ದು ಕಾಣುತ್ತದೆ. ಪರದೆಯ ಹಿಂದೆ ಚೀಟಿ ಅಂಟಿಸಿದರೂ ಇದೇ ಕಥೆ. ಅಕ್ಷರ ಓಡಿಸುವ ಆ್ಯಪ್‌ಗಳಿವೆ, ಎಐಗೆ ಕೇಳಿದರೆ ಉತ್ತರವನ್ನೇ ಬರೆದುಕೊಡುತ್ತದೆ, ಆದರೆ ಅದರ ಮೇಲೆ ಎರಡನೇ ಪ್ರಶ್ನೆ ಬಂದರೆ ಬಾಯಿ ಕಟ್ಟುತ್ತದೆ. ಒಂದು ಪ್ರಶ್ನೆಗೆ ನಾಲ್ಕು ಪದ ಬರೆದುಕೊಳ್ಳಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾ ಜೋರಾಗಿ ಹೇಳಿ. ಮೊದಲ ಸಲ ದನಿ ಮುಚ್ಚಿ ಮುಖ ಮಾತ್ರ ನೋಡಿ. ಎರಡನೇ ಸಲ ಮೊಬೈಲ್ ಮಗುಚಿಟ್ಟು ದನಿ ಮಾತ್ರ ಕೇಳಿ. ತಪ್ಪುಗಳು ಬೇರೆ ಬೇರೆಯಾಗಿ ಸಿಗುತ್ತವೆ. ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಿ. ಮಾತುಗಳು ಹಿಂದಿನ ಸಲದಂತೆಯೇ ಬಂದರೆ ಬಾಯಿಪಾಠವಾಗಿದೆ ಎಂದರ್ಥ, ಎರಡು ದಿನ ಆ ಪ್ರಶ್ನೆ ಮುಟ್ಟಬೇಡಿ.

ಒಂದು ಪ್ರಶ್ನೆ ತಗೊಳ್ಳೋಣ. ‘ಇಂಟರ್ನ್‌ಶಿಪ್‌ನಲ್ಲಿ ಏನು ಮಾಡಿದಿರಿ?’ ಇದಕ್ಕೆ ಹತ್ತರಲ್ಲಿ ಒಂಬತ್ತು ಜನ ‘ಡ್ರಾಫ್ಟಿಂಗ್ ಕಲಿತೆ, ರಿಸರ್ಚ್ ಮಾಡಿದೆ, ಕೋರ್ಟ್ ಕಲಾಪ ನೋಡಿದೆ’ ಅನ್ನುತ್ತಾರೆ. ಕೇಳಿದವರಿಗೆ ಏನೂ ಸಿಗುವುದಿಲ್ಲ. ಅದರ ಬದಲು ಒಂದೇ ಕೇಸು ಹಿಡಿಯಿರಿ. ಚೆಕ್ ಬೌನ್ಸ್ ದೂರು ಅಂತಿಟ್ಟುಕೊಳ್ಳಿ. ‘ತಾರೀಖುಗಳ ಪಟ್ಟಿ ನಾನು ಮಾಡಿದೆ’ ಎಂದು ನಿಮ್ಮ ಕೆಲಸದಿಂದಲೇ ಶುರು ಮಾಡಿ. ಆಮೇಲೆ ಕಾನೂನು: ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆ್ಯಕ್ಟ್ 138 ಮತ್ತು 142ನೇ ಕಲಂ ಪ್ರಕಾರ ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಕೈಸೇರಿದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ಮುಟ್ಟಿದ ಮೇಲೆ ಹಣ ಕೊಡಲು 15 ದಿನ, ಅದು ಮುಗಿದ ಮೇಲೆ ದೂರು ಹಾಕಲು ಒಂದು ತಿಂಗಳು. ಕೊನೆಗೆ ನೀವು ಕಂಡಿದ್ದು: ಚೆಕ್ ವಾಪಸಾಗಿದೆ ಎಂದು ಬ್ಯಾಂಕ್ ಕೊಟ್ಟ ಮೆಮೊ ಮೇಲಿನ ತಾರೀಖು ಒಂದು, ಅದು ಕಕ್ಷಿದಾರರ ಕೈಗೆ ಬಂದ ತಾರೀಖು ಇನ್ನೊಂದು. ಲಕೋಟೆ ಮೇಲಿನ ಅಂಚೆ ಮುದ್ರೆ ಹುಡುಕಿ ಸೀನಿಯರ್‌ಗೆ ತೋರಿಸಿದೆ, ಲೆಕ್ಕ ಅಲ್ಲಿಂದ ಶುರುವಾಯಿತು. ಒಂದೂವರೆ ನಿಮಿಷದ ಮಾತು. ಆ ಲಕೋಟೆ ಹುಡುಕಿದವರು ಯಾವ ಫರ್ಮ್‌ನಲ್ಲಾದರೂ ಕೆಲಸ ಮಾಡಬಲ್ಲರು ಅನ್ನಿಸುತ್ತದೆ, ಅಲ್ವಾ? ನಿಮ್ಮ ಕೇಸು ಬೇರೆ ಇರುತ್ತದೆ. ಮಾಡದ್ದನ್ನು ಮಾತ್ರ ಸೇರಿಸಬೇಡಿ.

ಇಲ್ಲೇ ಒಂದು ಗುಂಡಿ ಇದೆ. ಹೇಳುವ ಹುರುಪಿನಲ್ಲಿ ಕಕ್ಷಿದಾರರ ಹೆಸರು, ಊರು, ಅಂಗಡಿ ಎಲ್ಲ ಬಾಯಿಬಿಡುತ್ತಾರೆ. ದೊಡ್ಡ ಹೆಸರು ಹೇಳಿದರೆ ತೂಕ ಬರುತ್ತದೆ ಅಂತ ಲೆಕ್ಕ. ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಕಕ್ಷಿದಾರರ ಗುಟ್ಟು ಕಾಯುವ ಹೊಣೆಯನ್ನು ವಕೀಲರ ಗುಮಾಸ್ತರು, ನೌಕರರ ಮೇಲೂ ಹಾಕುತ್ತದೆ. ‘ಒಬ್ಬ ವ್ಯಾಪಾರಿ’ ಅಂದರೆ ಸಾಕು. ಹೆಸರು ಕೇಳಿದರೂ ‘ಅದನ್ನು ಹೇಳುವ ಹಾಗಿಲ್ಲ ಸರ್’ ಅನ್ನಿ. ಅದಕ್ಕೆ ಮಾರ್ಕ್ಸ್ ಕಡಿಮೆಯಾಗುವುದಿಲ್ಲ.

ಹಾಗೇ ಹಳೇ ಕಲಂಗಳ ಅಭ್ಯಾಸ ಬಿಡಿ. ಹೊಸ ಕ್ರಿಮಿನಲ್ ಕಾನೂನುಗಳು 2024ರ ಜುಲೈ 1ರಿಂದ ಜಾರಿಯಲ್ಲಿವೆ. 420 ಅಂದರೆ ಜೊತೆಗೇ ಭಾರತೀಯ ನ್ಯಾಯ ಸಂಹಿತೆಯ 318(4) ಬರಬೇಕು. ಫರ್ಮ್ ದಿವಾಳಿ ಪ್ರಕರಣಗಳನ್ನು ನಡೆಸುತ್ತಿದ್ದರೆ ಕಂಪನಿ ದಿವಾಳಿ ಅರ್ಜಿಗೆ ಬಾಕಿ ಮೊತ್ತದ ಮಿತಿ 2020ರಲ್ಲಿ ₹1 ಲಕ್ಷದಿಂದ ₹1 ಕೋಟಿಗೆ ಏರಿದ್ದು ಗೊತ್ತಿರಲಿ. ‘ನಮ್ಮ ಫರ್ಮೇ ಯಾಕೆ?’ ಎಂಬ ಪ್ರಶ್ನೆಗೂ ಉತ್ತರ ಇಂಥದ್ದರಲ್ಲೇ ಇದೆ. ಅವರ ವೆಬ್‌ಸೈಟಿನಲ್ಲಿ ಒಂದು ವಿಭಾಗ ಆರಿಸಿ, ಅವರು ಬರೆದ ಒಂದು ಟಿಪ್ಪಣಿಯನ್ನು ನಿಜವಾಗಿ ಓದಿ. ‘ದೇಶದ ದೊಡ್ಡ ಫರ್ಮ್’ ಎಂಬ ಹೊಗಳಿಕೆ ಅವರು ದಿನಾ ಕೇಳುತ್ತಾರೆ.

ಇಂಗ್ಲಿಷ್ ಬಗ್ಗೆ ಒಂದು ಮಾತು. ನಮ್ಮ ಕಡೆಯ ರಾಗ ಇಂಗ್ಲಿಷಿನಲ್ಲೂ ಕೇಳುತ್ತದೆ, ಕೇಳಲಿ ಬಿಡಿ. ತೊಂದರೆ ಕೊಡುವುದು ವೇಗ. ಹೆದರಿದವರು ಓಡುತ್ತಾರೆ. ಪ್ರಶ್ನೆ ಮುಗಿದ ಮೇಲೆ ಒಂದು ಉಸಿರು ಬಿಟ್ಟು ಶುರು ಮಾಡಿ. ಗೊತ್ತಿಲ್ಲದ ಕಲಂ ಕೇಳಿದರೆ ಗೊತ್ತಿಲ್ಲ ಅನ್ನಿ, ಎಲ್ಲಿ ಹುಡುಕುತ್ತೀರಿ ಅಂತ ಹೇಳಿ. ಹೈಕೋರ್ಟ್ ಕಲಾಪಗಳ ನೇರ ಪ್ರಸಾರ ಸಿಕ್ಕಾಗ ನೋಡಿ. ಒಳ್ಳೆಯ ವಕೀಲರು ಪೀಠದ ಪ್ರಶ್ನೆಗೆ ಎಷ್ಟು ನಿಧಾನವಾಗಿ ಉತ್ತರಿಸುತ್ತಾರೆ ಎಂಬುದು ಕಣ್ಣಿಗೆ ಕಾಣುತ್ತದೆ.

ಆ ದಿನ ಕಾಲು ಗಂಟೆ ಮೊದಲೇ ಕೂತು ವಾಟ್ಸ್‌ಆ್ಯಪ್ ವೆಬ್ ಮುಚ್ಚಿ, ನೀರು ಪಕ್ಕದಲ್ಲಿಡಿ. ಮಾತಾಡುವಾಗ ಪರದೆಯ ಮೇಲಿನ ನಿಮ್ಮ ಮುಖ ಬೇಡ, ಕ್ಯಾಮೆರಾದ ಚುಕ್ಕಿ ನೋಡಿ. ನೆಟ್ ಹೋದರೆ ಮೊಬೈಲ್‌ನಿಂದ ಮತ್ತೆ ಸೇರಿ, ಒಂದು ಸಾಲಿನಲ್ಲಿ ಕ್ಷಮೆ ಕೇಳಿ, ನಿಲ್ಲಿಸಿದಲ್ಲಿಂದ ಮುಂದುವರಿಸಿ. ಮುಗಿದ ಮೇಲೆ ಕರೆ ನಿಜವಾಗಿ ಕಟ್ ಆಗಿದೆಯಾ ನೋಡಿದ ನಂತರವೇ ಅವ್ವನನ್ನು ಕರೆದು ಹೇಗಾಯಿತು ಅಂತ ಹೇಳಿ. ಕೇಳಿದ ಪ್ರಶ್ನೆಗಳನ್ನು ಅವತ್ತೇ ಬರೆದಿಡಿ. ಎರಡನೇ ಸುತ್ತಿನಲ್ಲಿ ಅಲ್ಲಿಂದಲೇ ಎತ್ತಿಕೊಳ್ಳುವುದುಂಟು.