ರಾಶಿಯ ಕಾಲ, ಸಾಲದ ವಾಯಿದೆ: ನನ್ನ ಅನುಭವ

ಆಳಂದ ತಾಲ್ಲೂಕಿನ ನಮ್ಮ ಊರಲ್ಲಿ ನಮಗಿದ್ದದ್ದು ಆರು ಎಕರೆ ಕಪ್ಪು ನೆಲ. ಅದರಲ್ಲಿ ಒಂದು ಗುಂಟೆಗೂ ನೀರಾವರಿ ಇರಲಿಲ್ಲ. ಮುಂಗಾರಿನಲ್ಲಿ ತೊಗರಿ, ಅದರ ಸಾಲುಗಳ ನಡುವೆ ಹೆಸರು ಅಥವಾ ಉದ್ದು, ಉಳಿದ ತುಂಡಿನಲ್ಲಿ ಹಿಂಗಾರಿ ಜೋಳ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ರಾಶಿಯಾಗಿ ಮನೆಗೆ ಬರುವುದು ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ. ಹೀಗಾಗಿ ನಮ್ಮ ಮನೆಯಲ್ಲಿ ದೊಡ್ಡ ಹಣ ಎಂಬುದು ಕಾಣುತ್ತಿದ್ದದ್ದು ವರ್ಷಕ್ಕೆ ಒಂದೇ ಸಲ, ಜನವರಿ-ಫೆಬ್ರುವರಿಯಲ್ಲಿ.

ಏಳನೆಯ ತರಗತಿಯಲ್ಲಿದ್ದಾಗ ನಾನು ಅಪ್ಪನ ಜೊತೆ ಮೊದಲ ಸಲ ಕಲಬುರಗಿಯ ಗಂಜಿಗೆ, ಅಂದರೆ ಕಾಳುಕಡಿ ಮಾರುವ ಮಾರುಕಟ್ಟೆಗೆ, ಹೋದೆ. ಹನ್ನೊಂದು ಚೀಲ ತೊಗರಿ ತೂಗಿದ ಮೇಲೆ ಅಡತಿ ಅಂಗಡಿಯ (ಕಮಿಷನ್ ಮೇಲೆ ರೈತರ ಮಾಲು ಮಾರಿಕೊಡುವ ಅಂಗಡಿಯ) ಗುಮಾಸ್ತರು ಬರೆದುಕೊಟ್ಟ ಪಟ್ಟಿಯನ್ನು ಅಪ್ಪ ನನ್ನ ಕೈಗಿಟ್ಟು ಓದಲು ಹೇಳಿದರು. ತೂಕ, ದರ, ಹಮಾಲಿ, ಅದರ ಕೆಳಗೆ ಬಿತ್ತನೆಗೆಂದು ತಂದಿದ್ದ ಮುಂಗಡ, ಅದರ ಬಡ್ಡಿ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯಂತೆ ಏಳು ತಿಂಗಳಿಗೆ ನೂರಕ್ಕೆ ಇಪ್ಪತ್ತೊಂದು. ಅಪ್ಪ ಬಡ್ಡಿಯ ಬಗ್ಗೆ ಏನೂ ಕೇಳಲಿಲ್ಲ, ‘ಎಷ್ಟ ಉಳೀತು ನೋಡಪ್ಪ’ ಎಂದಷ್ಟೇ ಕೇಳಿದರು. ಆ ಬಡ್ಡಿ ದುಬಾರಿ ಎಂಬುದರಲ್ಲಿ ನನಗೆ ಅಂದೂ ಇಂದೂ ಅನುಮಾನವಿಲ್ಲ. ಆದರೆ ಆ ಅಂಗಡಿಯವರು ಕೇಳಿದ ದಿನವೇ ಹಣ ಕೊಡುತ್ತಿದ್ದರು, ತೊಗರಿ ಬಂದ ದಿನವೇ ಮುರಿದುಕೊಳ್ಳುತ್ತಿದ್ದರು. ಒಕ್ಕಲಿಗನ ಮನೆಗೆ ಹಣ ಯಾವಾಗ ಬೇಕು, ಯಾವಾಗ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಕನ್ನಡ ಮಾಧ್ಯಮದಲ್ಲಿ ಓದಿ, ರಾಯಚೂರಿನಲ್ಲಿ ಬಿಎಸ್ಸಿ ಕೃಷಿ ಮುಗಿಸಿ, ಬ್ಯಾಂಕು ನೇಮಕಾತಿಯ ಐಬಿಪಿಎಸ್ ಪರೀಕ್ಷೆಯನ್ನು ಎರಡನೆಯ ಯತ್ನದಲ್ಲಿ ಪಾಸು ಮಾಡಿ, 2014ರಲ್ಲಿ ಕೃಷಿ ಅಧಿಕಾರಿಯಾಗಿ ಬ್ಯಾಂಕು ಸೇರಿದೆ. ಕೆಲವು ವರ್ಷಗಳ ನಂತರ ನಮ್ಮ ಜಿಲ್ಲೆಯದೇ ಒಂದು ಶಾಖೆಗೆ ವರ್ಗವಾಯಿತು.

ಅಲ್ಲಿ ನಾನು ಮಾಡಿದ ಮೊದಲ ತಪ್ಪು, ನಮ್ಮ ಮನೆಯ ಲೆಕ್ಕವನ್ನೇ ಮರೆತದ್ದು. ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆ ಸಾಲಗಳನ್ನು ಬಿತ್ತನೆಯ ಹೊತ್ತಿಗೆ, ಅಂದರೆ ಜೂನ್‌ನಲ್ಲಿ, ಮಂಜೂರು ಮಾಡಿದೆ. ಹನ್ನೆರಡು ತಿಂಗಳ ವಾಯಿದೆ ಮರುವರ್ಷದ ಜೂನ್‌ಗೆ ಬಂತು. ಆ ಹೊತ್ತಿಗೆ ತೊಗರಿಯ ಹಣ ಮದುವೆಗೋ ಮನೆ ರಿಪೇರಿಗೋ ಹಳೆಯ ಕೈಗಡಕ್ಕೋ ಕರಗಿ ನಾಲ್ಕು ತಿಂಗಳಾಗಿತ್ತು. ಮೂರು ಲಕ್ಷದವರೆಗಿನ ಬೆಳೆ ಸಾಲಕ್ಕೆ ಬಡ್ಡಿ ಶೇಕಡಾ 7. ಸಕಾಲಕ್ಕೆ ಕಟ್ಟಿದವರಿಗೆ ಶೇಕಡಾ 3ರ ರಿಯಾಯಿತಿ ಸಿಕ್ಕು ಅದು 4ಕ್ಕೆ ಇಳಿಯುತ್ತದೆ. ಲಕ್ಷ ರೂಪಾಯಿಗೆ ವರ್ಷಕ್ಕೆ ಮೂರು ಸಾವಿರ ಉಳಿಸಿಕೊಡುವ ಈ ರಿಯಾಯಿತಿಯನ್ನು, ಕಟ್ಟುವ ಮನಸ್ಸಿದ್ದ ಹಲವರು ವಾಯಿದೆ ತಪ್ಪಿಸಿ ಕಳೆದುಕೊಂಡರು. ಅವರನ್ನು ಸುಸ್ತಿದಾರರ ಪಟ್ಟಿಯಲ್ಲಿ ಬರೆಯುವಾಗ ನನಗೆ ಗಂಜಿನ ಆ ಪಟ್ಟಿ ನೆನಪಾಯಿತು.

ಮರುವರ್ಷ ಸಂಕ್ರಾಂತಿ ಕಳೆದ ಕೂಡಲೇ ಊರೂರಿಗೆ ಹೋಗಿ, ತೊಗರಿ ಮಾರಿದ ವಾರದಲ್ಲೇ ಸಾಲ ಕಟ್ಟಿ ಫೆಬ್ರುವರಿಯಲ್ಲಿ ನವೀಕರಿಸಿಕೊಳ್ಳಿ, ಹಾಗೆ ಮಾಡಿದರೆ ಮುಂದಿನ ವಾಯಿದೆಯೂ ರಾಶಿಯ ನಂತರವೇ ಬರುತ್ತದೆ ಎಂದು ಹೇಳತೊಡಗಿದೆ. ಹನುಮಾನ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ‘ಈಗ ಕಟ್ಟಿದ್ರ ಬಿತ್ತೋ ಟೈಮಿನಾಗ ತಿರುಗಿ ಕೊಡ್ತೀರಿ ಅಂತ ಹ್ಯಾಂಗ ನಂಬಬೇಕ್ರಿ ಸಾಹೇಬ್ರ?’ ಎಂದು ಕೇಳಿದರು. ಅವರ ಅಂಜಿಕೆಗೆ ಕಾರಣವಿತ್ತು. ಹಿಂದೆ ಹಾಗೆ ಕಟ್ಟಿಸಿಕೊಂಡು ತಿಂಗಳುಗಟ್ಟಲೆ ಓಡಾಡಿಸಿದ್ದನ್ನು ಅವರು ಕಂಡಿದ್ದರು. ಈ ಸಾಲ ಚಾಲ್ತಿ ಖಾತೆಯಂತೆ ನಡೆಯುತ್ತದೆ, ನವೀಕರಿಸಿದ ಮೇಲೆ ಹಣ ತೆಗೆಯದೆ ಬಿಟ್ಟರೆ ಅದಕ್ಕೆ ಬಡ್ಡಿಯಿಲ್ಲ, ಜೂನ್‌ನಲ್ಲಿ ಬೀಜ-ಗೊಬ್ಬರಕ್ಕೆ ಬೇಕಾದಷ್ಟನ್ನೇ ತೆಗೆಯಬಹುದು ಎಂದು ಬಿಡಿಸಿ ಹೇಳಿದೆ. ಬರೀ ಮಾತಿನಿಂದ ಹೆಚ್ಚಿನವರು ಒಪ್ಪಲಿಲ್ಲ. ಮೊದಲ ವರ್ಷ ಕಟ್ಟಿದ ಒಂಬತ್ತು ಮಂದಿಯ ನವೀಕರಣವನ್ನು ಎರಡೇ ದಿನದಲ್ಲಿ ಮುಗಿಸಿಕೊಟ್ಟೆವು. ಅದನ್ನು ನೋಡಿದ ಮೇಲೆ ಉಳಿದವರು ಬಂದರು.

ಇದಕ್ಕಿಂತ ಕಠಿಣವಾದದ್ದು ಪಹಣಿಯ, ಅಂದರೆ ಜಮೀನಿನ ಹಕ್ಕಿನ ದಾಖಲೆಯ, ಪ್ರಶ್ನೆ. ಹೊಲ ನೋಡಲು ಹೋದಾಗ ಹೆಣ್ಣುಮಗಳೊಬ್ಬರು ಕೈಯಲ್ಲಿದ್ದ ಕುರ್ಪಿಯನ್ನು ಬದುವಿನ ಮೇಲಿಟ್ಟು, ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಪಹಣಿ ಬಿಚ್ಚಿ ತೋರಿಸಿದರು. ‘ನಾವು ಬಿತ್ತಲಕತ್ತು ಹದಿನಾಲ್ಕು ವರ್ಷ ಆಯ್ತ್ರಿ, ಇದರಾಗ ಮಾತ್ರ ನಮ್ಮ ಮಾವನೋರೇ ಇದ್ದಾರ್ರಿ.’ ಮಾಲೀಕರ ಹೆಸರು ಬರೆಯುವ ಒಂಬತ್ತನೆಯ ಕಾಲಂನಲ್ಲಿ ತೀರಿಹೋದ ಮಾವನ ಹೆಸರಿತ್ತು. ಗಂಡನೂ ತೀರಿಕೊಂಡಿದ್ದರು. ಆ ಹೆಣ್ಣುಮಗಳ ಹೆಸರು ಪಹಣಿಗೆ ಬಾರದೆ ಬೆಳೆ ಸಾಲ ಕೊಡುವಂತಿರಲಿಲ್ಲ. ಇಬ್ಬರ ಮರಣ ಪ್ರಮಾಣಪತ್ರ, ವಂಶವೃಕ್ಷ, ನಾಡಕಚೇರಿಯಲ್ಲಿ ಪೌತಿ ಖಾತೆಯ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಅರ್ಜಿ, ನೋಟಿಸಿನ ಅವಧಿ, ಮೈದುನರ ಒಪ್ಪಿಗೆ ಎಲ್ಲ ಸೇರಿ ಆ ಮುಂಗಾರು ದಾಟಿಹೋಯಿತು, ಆ ವರ್ಷ ಅವರು ಅಡತಿಯಲ್ಲೇ ಹಣ ತಂದರು. ಅರ್ಜಿ ‘ತಿರಸ್ಕೃತ’ ಎಂದು ಬರೆದು ಕೈತೊಳೆದುಕೊಳ್ಳುವ ಅಧಿಕಾರ ನನಗಿತ್ತು. ಅದನ್ನು ಬಳಸಬಾರದು ಎಂಬುದು ಆ ಬದುವಿನ ಮೇಲೆ ನಿಂತಾಗ ನಾನು ಮಾಡಿಕೊಂಡ ನಿರ್ಧಾರ. ಅಂದಿನಿಂದ ಯಾರು ಸಾಲ ಕೇಳಿ ಬಂದರೂ ಮೊದಲು ಒಂಬತ್ತನೆಯ ಕಾಲಂ ನೋಡುತ್ತೇನೆ, ಆಮೇಲೆ ಋಣಭಾರ ಬರೆಯುವ ಹನ್ನೊಂದನೆಯದು. ತೀರಿಕೊಂಡವರ ಹೆಸರಿದ್ದರೆ ಬೇಕಾದ ಕಾಗದಗಳನ್ನು ಕನ್ನಡದಲ್ಲಿ ಬರೆದುಕೊಟ್ಟು, ಇದನ್ನು ಫೆಬ್ರುವರಿಯಲ್ಲೇ ಶುರುಮಾಡಿ, ಜೂನ್‌ವರೆಗೆ ಕಾಯಬೇಡಿ ಎಂದು ಹೇಳುತ್ತೇನೆ.

ಹೊಲಕ್ಕೆ ಹೋಗದೆ ಬೆಳೆ ಬರೆಯಬಾರದು ಎಂಬುದನ್ನೂ ಹೊಸದಾಗಿ ಸೇರುವ ಹುಡುಗರಿಗೆ ಒತ್ತಿ ಹೇಳುತ್ತೇನೆ. ಬೆಳೆ ವಿಮೆಯಲ್ಲಿ ರೈತರು ಮುಂಗಾರಿಗೆ ಕಟ್ಟುವುದು ವಿಮಾ ಮೊತ್ತದ ಶೇಕಡಾ 2 ಮಾತ್ರ. ಆದರೆ ಹೊಲದಲ್ಲಿ ತೊಗರಿ ಇದ್ದು ನಮ್ಮ ದಾಖಲೆಯಲ್ಲಿ ಕಳೆದ ವರ್ಷದ ಹೆಸರುಕಾಳಿನ ಬೆಳೆಯೇ ಉಳಿದಿದ್ದರೆ, ನೆಟೆ ರೋಗಕ್ಕೆ ಹೊಲ ಒಣಗಿದಾಗ ಆ ಕುಟುಂಬ ಪರಿಹಾರಕ್ಕೆ ಅಲೆಯಬೇಕಾಗುತ್ತದೆ.

ಆ ಹೆಣ್ಣುಮಗಳ ಹೆಸರಿನಲ್ಲಿ ಪಹಣಿ ಬಂದದ್ದು ಮರುವರ್ಷ ಜನವರಿಯಲ್ಲಿ. ಅವರ ಸಾಲವನ್ನು ಫೆಬ್ರುವರಿಯಲ್ಲೇ ಮಂಜೂರು ಮಾಡಿದೆವು. ಜೂನ್‌ನ ಮೊದಲ ಮಳೆಯವರೆಗೆ ಅವರು ಅದರಲ್ಲಿ ಒಂದು ರೂಪಾಯಿಯನ್ನೂ ತೆಗೆಯಲಿಲ್ಲ.