ತಜ್ಞರ ಅಂಕ, ನಿಮ್ಮ ನಾಲಿಗೆ: ವೈನ್ ರುಚಿಯನ್ನು ನೀವೇ ಅಳೆಯುವ ಬಗೆ

ನೂರಕ್ಕೆ 95 ಅಂಕ ಪಡೆದ ವೈನ್ ತಂದು ಬಿರಡೆ ತೆಗೆಯುತ್ತೀರಿ. ಮೊದಲ ಗುಟುಕಿಗೇ ಹುಳಿಗೆ ಹಲ್ಲು ಜುಮ್ಮೆನ್ನುತ್ತದೆ, ಒಗರಿಗೆ ನಾಲಿಗೆ ಒಣಗುತ್ತದೆ. ಆಗ ಹೆಚ್ಚಿನವರು ‘ನನಗೆ ರುಚಿ ಗೊತ್ತಾಗುವುದಿಲ್ಲ’ ಎಂದುಕೊಳ್ಳುತ್ತಾರೆ, ಇಲ್ಲವೇ ‘ಈ ತಜ್ಞರೆಲ್ಲ ಬುರುಡೆ ಬಿಡುವವರು’ ಎನ್ನುತ್ತಾರೆ. ಎರಡೂ ಅವಸರದ ಮಾತು. ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದರಿಂದ ಹುಟ್ಟಿದ ಗೊಂದಲ ಅದು.

ಮೊದಲ ಪ್ರಶ್ನೆ: ಈ ವೈನ್ ಕೆಟ್ಟಿದೆಯೇ? ಎರಡನೆಯದು: ಈ ದ್ರಾಕ್ಷಿಯ, ಈ ಶೈಲಿಯ ವೈನ್ ಇರಬೇಕಾದ ಹಾಗೆ ಇದೆಯೇ? ಮೂರನೆಯದು: ನನಗೆ ಹಿಡಿಸಿತೇ? ಮೊದಲ ಎರಡಕ್ಕೆ ಸಾವಿರಾರು ಬಾಟಲಿ ರುಚಿ ನೋಡಿದವರ ಮಾತಿಗೆ ತೂಕವಿದೆ. ಮೂರನೆಯದಕ್ಕೆ ಅವರು ಉತ್ತರ ಹೇಳಲಾರರು. ‘ಊಟ ತನ್ನಿಚ್ಛೆ’ ಎಂಬ ಗಾದೆ ಇರುವುದೇ ಇದಕ್ಕೆ. ಆದರೆ ನಿಮ್ಮ ಇಚ್ಛೆ ಯಾವುದು ಎಂದು ನಿಮಗೆ ನಿಜವಾಗಿ ಗೊತ್ತಿದೆಯೇ, ಅಥವಾ ಲೇಬಲ್ಲು, ಬೆಲೆ, ಪಕ್ಕದವರ ಮಾತು ಸೇರಿ ಅದನ್ನು ತೀರ್ಮಾನಿಸಿವೆಯೇ ಎಂಬುದನ್ನು ಮಾತ್ರ ಪರೀಕ್ಷಿಸಿಯೇ ತಿಳಿಯಬೇಕು.

ಮೊದಲು ಕೆಟ್ಟದ್ದನ್ನು ಗುರುತಿಸಿ

ಕೆಟ್ಟ ವೈನನ್ನು ‘ನನ್ನ ರುಚಿಗೆ ಬರಲಿಲ್ಲ’ ಎಂದು ಸಹಿಸಿಕೊಳ್ಳುವುದು ತುಂಬ ಸಾಮಾನ್ಯವಾದ ತಪ್ಪು. ನೆನೆದ ರಟ್ಟಿನ, ಮುಚ್ಚಿಟ್ಟ ನೆಲಮಾಳಿಗೆಯ ಮುಗ್ಗಲು ವಾಸನೆ ಬಂದರೆ ಅದು ಟಿಸಿಎ ಎಂಬ ರಾಸಾಯನಿಕದ ಕೆಲಸ. ಹೆಚ್ಚಾಗಿ ಕಾರ್ಕ್ ಬಿರಡೆಯಿಂದ ಬರುತ್ತದೆ. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗಿಗೆ ಸಿಗುತ್ತದೆ. ಅದಕ್ಕಿಂತ ಕಡಿಮೆ ಇದ್ದಾಗ ಮುಗ್ಗಲು ಗೊತ್ತಾಗದೆ, ಹಣ್ಣಿನ ಘಮ ಮಾತ್ರ ಸತ್ತು ವೈನ್ ಸಪ್ಪೆ ಎನಿಸುತ್ತದೆ. ಆಗ ಜನ ಬಾಟಲಿಯನ್ನು ಬಿಟ್ಟು ತಯಾರಕರನ್ನು ಬೈಯುತ್ತಾರೆ. ಗಾಳಿಗೆ ಬಿಟ್ಟರೆ ಇದು ಹೋಗುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಹಾಗಲ್ಲ. ಅದು ಹೈಡ್ರೋಜನ್ ಸಲ್ಫೈಡ್. ಇನ್ನೊಂದು ಪಾತ್ರೆಗೆ ಸುರಿದು, ಗ್ಲಾಸನ್ನು ಚೆನ್ನಾಗಿ ತಿರುಗಿಸಿ ಹತ್ತು ನಿಮಿಷ ಬಿಟ್ಟರೆ ಎಷ್ಟೋ ಸಲ ಹಾರಿಹೋಗುತ್ತದೆ. ವಿನೆಗರ್ ಅಥವಾ ನೇಲ್ ಪಾಲಿಶ್ ರಿಮೂವರ್ ವಾಸನೆ ಮೂಗಿಗೆ ಹೊಡೆದರೆ ಬ್ಯಾಕ್ಟೀರಿಯಾ ಕೆಲಸ ಮಾಡಿದೆ ಎಂದರ್ಥ. ಎಳೆಯ ಬಿಳಿ ವೈನ್ ಕಂದು ತಿರುಗಿ, ಕತ್ತರಿಸಿಟ್ಟ ಸೇಬಿನ ವಾಸನೆ ಬಂದರೆ ಅದಕ್ಕೆ ಗಾಳಿ ತಾಗಿದೆ. ತಳದಲ್ಲಿ ಗಾಜಿನ ಪುಡಿಯಂತೆ ಕಾಣುವ ಹರಳುಗಳು ಮಾತ್ರ ದೋಷವಲ್ಲ. ಅವು ದ್ರಾಕ್ಷಿಯದೇ ಟಾರ್ಟಾರಿಕ್ ಆಮ್ಲದ ಲವಣ.

ರೆಸ್ಟೋರೆಂಟಿನಲ್ಲಿ ಬಾಟಲಿ ತೆರೆದು ಮೊದಲು ಒಂದಿಷ್ಟೇ ಸುರಿದು ನಿಮ್ಮ ಮುಖ ನೋಡುವುದು ಈ ದೋಷ ಪರೀಕ್ಷೆಗಾಗಿ. ‘ಹಿಡಿಸಿತೇ’ ಎಂದು ಕೇಳುವುದಕ್ಕಲ್ಲ. ಮೂಸಿ ನೋಡಿ ಮುಗ್ಗಲು ಇಲ್ಲದಿದ್ದರೆ ತಲೆಯಾಡಿಸಿ, ಸಾಕು.

ದೋಷ ಮತ್ತು ರುಚಿಯ ನಡುವಿನ ಗೆರೆ ಮಸುಕಾಗುವುದೂ ಉಂಟು. ಬ್ರೆಟನೊಮೈಸಿಸ್ ಎಂಬ ಯೀಸ್ಟ್ ಕೊಡುವ ಕುದುರೆ ಲಾಯದ ವಾಸನೆ ಒಬ್ಬ ತಜ್ಞರಿಗೆ ಕೊಳಕು, ಇನ್ನೊಬ್ಬರಿಗೆ ಗಾಂಭೀರ್ಯ. ಅವರೇ ಒಪ್ಪದ ಕಡೆ ನೀವು ಯಾರ ಪಕ್ಷವನ್ನೂ ಸೇರಬೇಕಾಗಿಲ್ಲ.

ಲೇಬಲ್ ಮುಚ್ಚಿ ರುಚಿ ನೋಡುವ ಏರ್ಪಾಡು

ಲೇಬಲ್ ಏಕೆ ಮುಚ್ಚಬೇಕು? 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದು, ಮತ್ತೊಮ್ಮೆ 90 ಡಾಲರಿನದೆಂದು ಹೇಳಿ ಕೊಟ್ಟರು. 90 ಎಂದಾಗ ಜನರಿಗೆ ಹೆಚ್ಚು ಹಿಡಿಸಿತು. ಬರೀ ಬಾಯಿಮಾತಿನ ಹೊಗಳಿಕೆಯಲ್ಲ, ಸುಖವನ್ನು ದಾಖಲಿಸುವ ಮಿದುಳಿನ ಭಾಗವೂ ಸ್ಕ್ಯಾನಿನಲ್ಲಿ ಹೆಚ್ಚು ಚುರುಕಾಗಿತ್ತು. ಕಲಿತವರಿಗೂ ಇದರಿಂದ ವಿನಾಯಿತಿ ಇಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಮುಂದೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನ್ ಇಟ್ಟಾಗ, ಅವರು ಅದರ ಘಮವನ್ನು ಕೆಂಪು ವೈನಿಗೆ ಬಳಸುವ ಪದಗಳಲ್ಲೇ ಬಣ್ಣಿಸಿದರು. 1976ರ ಪ್ಯಾರಿಸ್ ಪರೀಕ್ಷೆಯಂತೂ ಪ್ರಸಿದ್ಧ: ಹೆಸರು ಮುಚ್ಚಿಟ್ಟಾಗ ಫ್ರೆಂಚ್ ತೀರ್ಪುಗಾರರು ತಮ್ಮ ದೇಶದ ಹೆಸರಾಂತ ವೈನ್‌ಗಳನ್ನು ಹಿಂದಿಟ್ಟು, ಬಿಳಿ ಮತ್ತು ಕೆಂಪು ಎರಡರಲ್ಲೂ ಕ್ಯಾಲಿಫೋರ್ನಿಯಾದ ಬಾಟಲಿಗೆ ಮೊದಲ ಸ್ಥಾನ ಕೊಟ್ಟರು.

ಮನೆಯಲ್ಲಿ ಮಾಡಲು ಮೂರು ನಾಲ್ಕು ಬಾಟಲಿ, ಒಂದೇ ಆಕಾರದ ಗ್ಲಾಸುಗಳು, ಬಾಟಲಿ ಸುತ್ತಲು ಕಾಗದದ ಚೀಲ, ಸುರಿಯಲು ಒಬ್ಬ ಸಹಾಯಕರು, ಉಗುಳಲು ಒಂದು ಪಾತ್ರೆ ಬೇಕು. ಗ್ಲಾಸು ಬಾಯಿಯ ಕಡೆ ಕಿರಿದಾಗಿರಲಿ, ಘಮ ನಿಲ್ಲುವುದು ಹಾಗೆ. ಒಂದೊಂದಕ್ಕೂ 50 ಮಿ.ಲೀ. ಸಾಕು, 750 ಮಿ.ಲೀ. ಬಾಟಲಿಯಲ್ಲಿ 15 ಜನರ ಪಾಲಿದೆ. ಬಾಟಲಿಯ ಆಕಾರ, ಬಿರಡೆಯ ಬಗೆ ಕೂಡ ಸುಳಿವು ಕೊಡುವುದರಿಂದ ಸಹಾಯಕರು ಬೇರೆ ಕೋಣೆಯಲ್ಲಿ ಸುರಿದು ತರುವುದು ಉತ್ತಮ.

ಪರೀಕ್ಷೆ ಹೆಚ್ಚಾಗಿ ಹಾಳಾಗುವುದು ಉಷ್ಣತೆಯಿಂದ. ಫ್ರಿಜ್ಜಿನಿಂದ ನೇರ ತೆಗೆದ ವೈನಿನಲ್ಲಿ ಘಮ ಮೇಲೇಳುವುದಿಲ್ಲ, ಹುಳಿ ಒಗರು ಎದ್ದು ಕಾಣುತ್ತವೆ. ಸೆಖೆಯ ಕೋಣೆಯಲ್ಲಿಟ್ಟ ಕೆಂಪು ವೈನಿನಲ್ಲಿ ಆಲ್ಕೋಹಾಲ್ ಮೂಗನ್ನು ಚುಚ್ಚುತ್ತದೆ. ಬಿಳಿ 8ರಿಂದ 12 ಡಿಗ್ರಿ ಸೆಲ್ಸಿಯಸ್, ಕೆಂಪು 15ರಿಂದ 18. ಎಷ್ಟೇ ಇರಲಿ, ಒಂದು ಸಾಲಿನ ಎಲ್ಲ ಗ್ಲಾಸುಗಳೂ ಒಂದೇ ಮಟ್ಟದಲ್ಲಿರಬೇಕು. ಎರಡು ಡಿಗ್ರಿಯ ವ್ಯತ್ಯಾಸವನ್ನು ‘ಗುಣಮಟ್ಟದ ವ್ಯತ್ಯಾಸ’ ಎಂದು ಬರೆದಿಡುವವರು ಬೇಕಾದಷ್ಟಿದ್ದಾರೆ.

ಹಲ್ಲುಜ್ಜಿ ಒಂದು ಗಂಟೆಯಾದರೂ ಕಳೆದಿರಲಿ. ಟೂತ್‌ಪೇಸ್ಟಿನ ನೊರೆ ಬರಿಸುವ ಅಂಶ ಸಿಹಿಯನ್ನು ಅಡಗಿಸಿ ಕಹಿಯನ್ನು ಎಬ್ಬಿಸುತ್ತದೆ. ಸೆಂಟು, ಊದುಬತ್ತಿ, ಒಗ್ಗರಣೆಯ ವಾಸನೆ ಇದ್ದ ಕೋಣೆ ಬೇಡ.

ಮೊದಲು ಎರಡು ಮೂರು ಚಿಕ್ಕ ಉಸಿರಿನಲ್ಲಿ ಮೂಸಿ. ಗ್ಲಾಸಿಗೇ ಮೂಗು ಅಂಟಿಸಿ ಕೂತರೆ ಮೂಗು ದಣಿದು ಏನೂ ತಿಳಿಯದಂತಾಗುತ್ತದೆ. ನಂತರ 10–15 ಮಿ.ಲೀ. ಬಾಯಿಗೆ ತೆಗೆದುಕೊಂಡು ಐದಾರು ಸೆಕೆಂಡು ಆಡಿಸಿ, ಉಗುಳಿ. ಉಗುಳುವುದನ್ನು ಶೋಕಿ ಎಂದುಕೊಳ್ಳಬೇಡಿ. ನುಂಗುತ್ತ ಹೋದರೆ ನಾಲ್ಕನೆಯ ಗ್ಲಾಸಿನ ಹೊತ್ತಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಸಿಹಿ, ಹುಳಿ, ಒಗರು, ಗಂಟಲ ಬಿಸಿ ಇವಕ್ಕೆ 0ರಿಂದ 5 ಅಂಕ, ಉಗುಳಿದ ಮೇಲೆ ರುಚಿ ಎಷ್ಟು ಸೆಕೆಂಡು ಉಳಿಯಿತು, ಕೊನೆಗೆ ‘ಇನ್ನೊಂದು ಗುಟುಕು ಬೇಕೇ’ ಎಂಬುದಕ್ಕೆ ಹೌದು ಅಥವಾ ಇಲ್ಲ: ಚೀಟಿಯಲ್ಲಿ ಇಷ್ಟು ಸಾಕು. ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಮಾತಾಡಬಾರದು. ಒಬ್ಬರು ‘ವೆನಿಲ್ಲಾ’ ಎಂದ ಕೂಡಲೇ ಮೇಜಿನ ಸುತ್ತ ಎಲ್ಲರಿಗೂ ವೆನಿಲ್ಲಾ ಸಿಗತೊಡಗುತ್ತದೆ.

ಮೂರು ಗ್ಲಾಸಿನ ಪರೀಕ್ಷೆ

ಎರಡು ವೈನ್‌ಗಳಲ್ಲಿ ಒಂದು ದುಬಾರಿ. ಅದಕ್ಕೆ ಹಣ ತೆರುವ ಮುನ್ನ ವ್ಯತ್ಯಾಸ ನಿಮ್ಮ ನಾಲಿಗೆಗೆ ಗೊತ್ತಾಗುತ್ತದೆಯೇ ಎಂದು ನೋಡಬಹುದು. ಎರಡು ಗ್ಲಾಸಿನಲ್ಲಿ ಒಂದು ವೈನ್, ಮೂರನೆಯದರಲ್ಲಿ ಇನ್ನೊಂದು. ಬೇರೆಯಾದದ್ದನ್ನು ಹುಡುಕಬೇಕು. ಜೋಡಿಸುವ ಕ್ರಮಗಳು ಒಟ್ಟು ಆರು: ಅಅಬ, ಅಬಅ, ಬಅಅ, ಬಬಅ, ಬಅಬ, ಅಬಬ. ಪ್ರತಿ ಕ್ರಮವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಕಲಸಿ, ಸಹಾಯಕರು ಒಂದೊಂದನ್ನೇ ಎತ್ತಿ ಅದರಂತೆ ಸುರಿಯಲಿ. ಒಂದು ಗ್ಲಾಸಿಗೆ 20 ಮಿ.ಲೀ. ಎಂದರೆ ಆರು ಸುತ್ತಿಗೆ ಪ್ರತಿ ವೈನ್ 180 ಮಿ.ಲೀ. ಸಾಕು.

ಕಣ್ಮುಚ್ಚಿ ಊಹಿಸಿದರೂ ಪ್ರತಿ ಸುತ್ತಿನಲ್ಲಿ ಮೂರಕ್ಕೊಂದು ಸಲ ಸರಿಯಾಗುತ್ತದೆ. ಆರರಲ್ಲಿ ನಾಲ್ಕು ಅಥವಾ ಹೆಚ್ಚು ಸರಿ ಬರುವ ಅದೃಷ್ಟ ನೂರಕ್ಕೆ ಸುಮಾರು 10, ಐದು ಅಥವಾ ಹೆಚ್ಚು ಬರುವುದು ನೂರಕ್ಕೆ 2ಕ್ಕಿಂತ ಕಡಿಮೆ. ಹಾಗಾಗಿ ಐದು ಸರಿಯಾದರೆ ನಿಮಗೆ ವ್ಯತ್ಯಾಸ ತಿಳಿಯುತ್ತದೆ ಎನ್ನಬಹುದು. ನಾಲ್ಕಾದರೆ ಇನ್ನೊಂದು ದಿನ ಮತ್ತೆ ನೋಡಿ. ಎರಡೋ ಮೂರೋ ಆದರೆ ಅಗ್ಗದ ಬಾಟಲಿ ತರುವುದರಲ್ಲಿ ನಾಚಿಕೆಯಿಲ್ಲ.

ತಪ್ಪುವ ಜಾಗಗಳು: ಗ್ಲಾಸುಗಳಲ್ಲಿ ಮಟ್ಟ ಬೇರೆ ಇರುವುದು, ಒಂದು ಬಾಟಲಿಯನ್ನು ನಿನ್ನೆಯೇ ತೆರೆದಿರುವುದು, ಬಣ್ಣ ಬೇರೆಯಾಗಿರುವುದು (ಆಗ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳಿ ಅಥವಾ ದೀಪ ಮಂದ ಮಾಡಿ), ಸಹಾಯಕರು ಸರಿ ಗ್ಲಾಸಿನ ಕಡೆ ನೋಡುತ್ತ ನಿಲ್ಲುವುದು. ವೈನ್ ಕುಡಿಯದವರು ಇದೇ ಪರೀಕ್ಷೆಯನ್ನು ಚಹಾ, ಕಾಫಿ, ಚಾಕೊಲೇಟಿನಲ್ಲಿ ಮಾಡಬಹುದು, ಲೆಕ್ಕ ಒಂದೇ.

ವ್ಯತ್ಯಾಸ ತಿಳಿಯದಿದ್ದರೆ ಅದು ನಾಲಿಗೆಯ ಸೋಮಾರಿತನವೇ ಆಗಬೇಕೆಂದಿಲ್ಲ. ಶಿರಾಜ್ ವೈನಿಗೆ ಕಾಳುಮೆಣಸಿನ ಘಮ ಕೊಡುವ ರೊಟುಂಡೋನ್ ಎಂಬ ಅಂಶ ಐವರಲ್ಲಿ ಸುಮಾರು ಒಬ್ಬರ ಮೂಗಿಗೆ ತಾಗುವುದೇ ಇಲ್ಲ. ಅಂಥವರು ‘ಮೆಣಸು ಎಲ್ಲಿದೆ?’ ಎಂದು ವಿಮರ್ಶೆ ಹಿಡಿದು ಹುಡುಕಿದರೆ ಪ್ರಯೋಜನವಿಲ್ಲ. ಪಿಟಿಸಿ ಎಂಬ ವಸ್ತು ಕೆಲವರಿಗೆ ವಿಪರೀತ ಕಹಿ, ಕೆಲವರಿಗೆ ಏನೂ ಇಲ್ಲ ಎಂಬುದು 1931ರಿಂದಲೇ ಗೊತ್ತು. ಹುಟ್ಟಿನಿಂದ ಬಂದ ಈ ಅಂತರವನ್ನು ಯಾವ ತರಬೇತಿಯೂ ಅಳಿಸುವುದಿಲ್ಲ.

ತಟ್ಟೆಯ ಪಕ್ಕದಲ್ಲಿ

ತಜ್ಞರ ಅಂಕ ನಿಮಗೆ ಹೊಂದದಿರಲು ಒಂದು ದೊಡ್ಡ ಕಾರಣ ಅವರು ರುಚಿ ನೋಡುವ ರೀತಿಯಲ್ಲೇ ಇದೆ. ಹತ್ತಾರು ವೈನ್‌ಗಳನ್ನು ಸಾಲಾಗಿಟ್ಟು, ಊಟವಿಲ್ಲದೆ, ಒಂದೊಂದು ಗುಟುಕು ನೋಡಿ ಉಗುಳುತ್ತಾರೆ. ಅಲ್ಲಿ ದಟ್ಟವಾದದ್ದು, ಓಕ್ ಮರದ ಘಮ ಎದ್ದು ಕಾಣುವುದು, ಆಲ್ಕೋಹಾಲ್ ಹೆಚ್ಚಿರುವುದು ಗಮನ ಸೆಳೆಯುತ್ತದೆ. ತೆಳುವಾದ, ಹುಳಿ ಮುಂದಾದ ವೈನ್ ಹಿಂದೆ ಬೀಳುತ್ತದೆ. ನೀವಾದರೋ ಒಂದೇ ವೈನನ್ನು ಊಟದ ಜೊತೆ ಒಂದು ಗಂಟೆ ಕುಡಿಯುತ್ತೀರಿ. ಮೊದಲ ಗುಟುಕಿಗೆ ಬೆರಗು ಹುಟ್ಟಿಸಿದ್ದು ಎರಡನೆಯ ಗ್ಲಾಸಿಗೆ ಮುಖ ಮುರಿಸಬಹುದು. ಆದ್ದರಿಂದ ಲೇಬಲ್ ಮುಚ್ಚಿ ಕೊಟ್ಟ ಅಂಕದ ಪಕ್ಕದಲ್ಲೇ ಇನ್ನೊಂದು ಅಂಕಣ ಇರಲಿ: ಊಟ ಮುಗಿದಾಗ ಯಾವ ಬಾಟಲಿ ಮೊದಲು ಖಾಲಿಯಾಗಿತ್ತು? ಇಷ್ಟು ಪ್ರಾಮಾಣಿಕವಾದ ಅಂಕ ಬೇರೊಂದು ಸಿಗುವುದಿಲ್ಲ.

ಊಟ ವೈನನ್ನು ಹೇಗೆ ಬದಲಿಸುತ್ತದೆ ಎಂದು ತಿಳಿಯಲು ಹತ್ತು ನಿಮಿಷ ಸಾಕು. ಒಗರಿನ ಕೆಂಪು ವೈನ್ ಒಂದು, ಹುಳಿಯ ಬಿಳಿ ವೈನ್ ಒಂದು. ತಟ್ಟೆಯಲ್ಲಿ ನಿಂಬೆ ಹೋಳು, ಉಪ್ಪು, ಸಕ್ಕರೆ, ಬೇಯಿಸಿದ ಅಣಬೆ, ಮೆಣಸಿನಕಾಯಿ. ವೈನ್, ತಿನಿಸು, ಮತ್ತೆ ವೈನ್ ಎಂಬ ಕ್ರಮದಲ್ಲಿ ಹೋಗಿ. ನಡುವೆ ನೀರು ಕುಡಿದು ಒಂದು ನಿಮಿಷ ಬಿಡಿ. ನಿಂಬೆಯ ಬಳಿಕ ಬಿಳಿ ವೈನಿನ ಹುಳಿ ತಗ್ಗಿ ಮೆದುವಾಗುತ್ತದೆ. ಉಪ್ಪು ಕೆಂಪಿನ ಕಹಿ ಒಗರನ್ನು ಇಳಿಸುತ್ತದೆ. ಸಕ್ಕರೆಯ ಬಳಿಕ ಎರಡೂ ಹುಳಿಯಾಗಿ, ತೆಳ್ಳಗಾಗಿ ಕಾಣುತ್ತವೆ. ಅಣಬೆಯ ನಂತರ ಕೆಂಪು ವೈನಿನ ಕಹಿ ಏರುತ್ತದೆ. ಅಣಬೆಗೆ ಒಂದು ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆ ಸೇರಿಸಿ ಮತ್ತೆ ನೋಡಿ, ಬಹುಪಾಲು ಸರಿಹೋಗುತ್ತದೆ. ಮೆಣಸಿನಕಾಯಿಯನ್ನು ಕೊನೆಗೇ ಇಡಿ. ಅದು ಆಲ್ಕೋಹಾಲಿನ ಉರಿಯೊಡನೆ ಕೂಡಿಕೊಂಡು ಉಳಿದ ಪರೀಕ್ಷೆಗಳನ್ನು ಕೆಡಿಸುತ್ತದೆ. ಆ ಉರಿಯೇ ಇಷ್ಟವಾದರೆ ‘ಖಾರಕ್ಕೆ ಕೆಂಪು ವೈನ್ ಸಲ್ಲದು’ ಎಂಬ ನಿಯಮ ನಿಮಗೆ ಅನ್ವಯಿಸುವುದಿಲ್ಲ.

ಮೀನಿಗೆ ಕೆಂಪು ವೈನ್ ಕೂಡದು ಎಂಬ ಮಾತಿಗೆ ಆಧಾರವಿದೆ. ಬಾಯಲ್ಲಿ ಉಳಿಯುವ ಆ ಹಸಿ ಮೀನಿನ ನಾತ ವೈನಿನ ಕಬ್ಬಿಣದ ಅಂಶಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂದು 2009ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಕಬ್ಬಿಣ ಕಡಿಮೆ ಇರುವ ಕೆಂಪು ವೈನಿನಲ್ಲಿ ಆ ತೊಂದರೆ ಅಷ್ಟಿಲ್ಲ. ಲೇಬಲ್ಲಿನಲ್ಲಿ ಕಬ್ಬಿಣ ಬರೆದಿರುವುದಿಲ್ಲವಾದ್ದರಿಂದ ಮೊದಲ ತುತ್ತಿನಲ್ಲೇ ನೋಡಿ ತೀರ್ಮಾನಿಸಬೇಕು.

ವಿಮರ್ಶಕರನ್ನು ಬಳಸಿಕೊಳ್ಳುವುದು

ನೂರಕ್ಕೆ ಎಂದು ಹೇಳುವ ಪ್ರಸಿದ್ಧ ಅಂಕಪದ್ಧತಿ ನಿಜವಾಗಿ 50ರಿಂದ ಶುರುವಾಗುತ್ತದೆ. ಹೀಗಾಗಿ ಅಂಗಡಿಯಲ್ಲಿ ಕಾಣುವ ಬಹುಪಾಲು ಅಂಕ 85ರಿಂದ 95ರ ನಡುವೆಯೇ. ಆ ಹತ್ತು ಅಂಕದೊಳಗೆ ಎಷ್ಟು ನಂಬಿಕೆಗೆ ಅರ್ಹ? ಕ್ಯಾಲಿಫೋರ್ನಿಯಾದ ಒಂದು ದೊಡ್ಡ ಸ್ಪರ್ಧೆಯಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ತಿಳಿಯದಂತೆ ಮೂರು ಸಲ ಕೊಟ್ಟು ನೋಡಿದ ವೈನ್ ತಯಾರಕ ರಾಬರ್ಟ್ ಹಾಡ್ಜ್‌ಸನ್ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರೂ ಸಲ ಒಂದೇ ಪದಕದ ಮಟ್ಟದಲ್ಲಿ ಅಂಕ ಕೊಟ್ಟವರು ಹತ್ತರಲ್ಲಿ ಸುಮಾರು ಒಬ್ಬರು. ಸಾಮಾನ್ಯವಾಗಿ ಅಂಕ ನಾಲ್ಕರಷ್ಟು ಆಚೀಚೆ ಸರಿಯುತ್ತಿತ್ತು. ಅಂದಮೇಲೆ 90 ಮತ್ತು 92ರ ಅಂತರಕ್ಕೆ ಹಣ ಸುರಿಯಬೇಡಿ.

ಅಂಕ ಬಿಟ್ಟು ಪದ ಓದಿ. ‘ಭವ್ಯ’, ‘ಸೊಗಸು’ ಎಂಬ ಪದಗಳನ್ನು ಹೊಡೆದುಹಾಕಿ. ಹುಳಿ, ಒಗರು, ಸಿಹಿ, ಓಕ್, ಆಲ್ಕೋಹಾಲ್ ಬಗ್ಗೆ ಹೇಳಿದ್ದನ್ನಷ್ಟೇ ಉಳಿಸಿಕೊಳ್ಳಿ. ನಿಮ್ಮ ಚೀಟಿಗಳಲ್ಲಿ ‘ಇನ್ನೊಂದು ಗುಟುಕು ಬೇಕು’ ಎಂದು ಬರೆದವುಗಳ ಅಂಕಗಳನ್ನು ಇದರ ಪಕ್ಕ ಇಡಿ. ಅಂಗಡಿಯಲ್ಲೂ ‘ಒಳ್ಳೆಯ ವೈನ್ ಕೊಡಿ’ ಎನ್ನುವ ಬದಲು ‘ಸಿಹಿ ಬೇಡ, ಹುಳಿ ಇರಲಿ, ಒಗರು ಕಡಿಮೆ, ಆಲ್ಕೋಹಾಲ್ ಶೇ. 13ರೊಳಗೆ’ ಎಂದರೆ ಮಾರುವವರಿಗೂ ಸುಲಭ.

ನಂಬಬಹುದಾದ ವಿಮರ್ಶಕರನ್ನು ಹುಡುಕಲು ಲೇಬಲ್ ಮುಚ್ಚಿ ನೋಡಿದ ಎಂಟು ಹತ್ತು ವೈನ್‌ಗಳನ್ನು ನಿಮ್ಮ ಇಷ್ಟದ ಕ್ರಮದಲ್ಲಿ ಬರೆಯಿರಿ. ಆಮೇಲೆ ಅವುಗಳಿಗೆ ಆ ವಿಮರ್ಶಕರು ಕೊಟ್ಟ ಕ್ರಮ ನೋಡಿ. ಮೊದಲೇ ಓದಿದರೆ ಪರೀಕ್ಷೆ ಕೆಟ್ಟಿತು. ತಯಾರಾದ ವರ್ಷವೂ ಒಂದೇ ಆಗಿರಬೇಕು, ಏಕೆಂದರೆ ವರ್ಷ ಬದಲಾದರೆ ವೈನೂ ಬೇರೆ. ಕ್ರಮ ಹೆಚ್ಚುಕಡಿಮೆ ಹೊಂದಿದರೆ ಅವರ ಸಲಹೆ ಕೊಳ್ಳಲು ಯೋಗ್ಯ. ಪೂರ್ತಿ ತಲೆಕೆಳಗಾಗಿದ್ದರೂ ಅಷ್ಟೇ ಉಪಯೋಗ: ಅವರು ಬೈದದ್ದನ್ನು ತನ್ನಿ. ಕೆಲವು ಹೊಂದಿ ಕೆಲವು ಹೊಂದದೆ ಅಡ್ಡಾದಿಡ್ಡಿ ಇದ್ದರೆ ಮಾತ್ರ ಆ ವಿಮರ್ಶಕರಿಂದ ನಿಮಗೆ ಲಾಭವಿಲ್ಲ.

ನಿಮ್ಮ ನಾಲಿಗೆಯನ್ನೂ ಆಗಾಗ ಪರೀಕ್ಷಿಸಿ. ಮುಂದಿನ ಸಲದ ಸಾಲಿನಲ್ಲಿ ಒಂದೇ ವೈನನ್ನು ಎರಡು ಕಡೆ ಅಡಗಿಸಿಡಲು ಸಹಾಯಕರಿಗೆ ಹೇಳಿ, ಎಲ್ಲೆಲ್ಲಿ ಎಂದು ಚೀಟಿ ಬರೆದು ಮಡಚಿಟ್ಟಿರಲಿ. ಒಂದಕ್ಕೆ 4, ಇನ್ನೊಂದಕ್ಕೆ 2 ಕೊಟ್ಟಿದ್ದೀರಿ ಎಂದು ಚೀಟಿ ಬಿಚ್ಚಿದಾಗ ತಿಳಿದರೆ ಆ ದಿನದ ಎಲ್ಲ ಅಂಕಗಳ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ವಿಮರ್ಶಕರೊಡನೆ ಹೋಲಿಸುವಾಗ ಅವನ್ನು ಬಿಟ್ಟುಬಿಡಿ.