ಇಂಗ್ಲಿಷ್‌ಗಿಂತ ಮೊದಲು ಹೇಳೋಕೆ ವಿಷಯ ಬೇಕು

ಬಿ.ಕಾಂ ಕೊನೆಯ ವರ್ಷಕ್ಕೆ ಬಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು: "ಕಮ್ಯುನಿಕೇಶನ್ ಇಂಪ್ರೂವ್ ಮಾಡ್ಕೊ." ಲೆಕ್ಚರರ್ ಹೇಳುತ್ತಾರೆ, ಕೆಲಸಕ್ಕೆ ಸೇರಿದ ಸೀನಿಯರ್‌ಗಳು ಹೇಳುತ್ತಾರೆ, ಮದುವೆ ಮನೆಯಲ್ಲಿ ಸಿಕ್ಕ ಬೆಂಗಳೂರಿನ ನೆಂಟರೂ ಹೇಳುತ್ತಾರೆ. ಏನನ್ನು ಇಂಪ್ರೂವ್ ಮಾಡ್ಕೋಬೇಕು ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ನಾನು ತಿಪಟೂರಿನವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. 2025ರಲ್ಲಿ ಡಿಗ್ರಿ ಮುಗಿಯಿತು. ಕೊನೆಯ ಎರಡು ವರ್ಷ ಕಾಲೇಜು ಮುಗಿಸಿಕೊಂಡು ಸಂಜೆ ಹೊತ್ತು ಎಪಿಎಂಸಿಯ ಒಂದು ಕೊಬ್ಬರಿ ಮಂಡಿಯಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಎಂಟ್ರಿ ಮಾಡುತ್ತಿದ್ದೆ. ನಮ್ಮಂಥ ಊರಿನ ಡಿಗ್ರಿ ಕಾಲೇಜಿಗೆ ಕಂಪನಿಗಳು ತಾವಾಗಿ ಬರುವುದು ಕಡಿಮೆ. ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಪೂಲ್ ಡ್ರೈವ್ (ಹಲವು ಕಾಲೇಜಿನವರಿಗೆ ಒಟ್ಟಿಗೆ ನಡೆಸುವ ಆಯ್ಕೆ) ಇದೆ ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತದೆ. ಬೆಳಿಗ್ಗೆ ರೈಲು ಹಿಡಿದು ಹೋಗಬೇಕು.

ಕಾಲೇಜಿನಲ್ಲಿ ಸಾಫ್ಟ್ ಸ್ಕಿಲ್ಸ್ ಕ್ಲಾಸ್ ಇತ್ತು. ನೇರ ಕೂತ್ಕೊಳ್ಳಿ, ಕಣ್ಣು ನೋಡಿ ಮಾತಾಡಿ, ಕೈ ಕುಲುಕುವಾಗ ಗಟ್ಟಿಯಾಗಿ ಹಿಡೀರಿ, ಇಂಥವೇ ಜಾಸ್ತಿ. ತಪ್ಪೇನಲ್ಲ. ಆದರೆ ನೇರ ಕೂತು, ಕಣ್ಣು ನೋಡಿ, ಆಮೇಲೆ ಏನು ಹೇಳೋದು? ನಮ್ಮ ಕ್ಲಾಸಿನ ಅರ್ಧಕ್ಕರ್ಧ ಜನ ಒಂದೇ ಪರಿಚಯವನ್ನು ಬಾಯಿಪಾಠ ಮಾಡಿದ್ದರು. ಹೆಸರು, ಊರು, ಅಪ್ಪ ರೈತ, ಅಮ್ಮ ಗೃಹಿಣಿ, ಹಾಬಿ ಕ್ರಿಕೆಟ್ ನೋಡೋದು, ಸ್ಟ್ರೆಂತ್ ಹಾರ್ಡ್ ವರ್ಕ್. ಎದುರಿಗೆ ಕೂತವರು ಅದನ್ನೇ ದಿನಕ್ಕೆ ಎಷ್ಟು ಸಲ ಕೇಳಿರುತ್ತಾರೋ!

ದೊಡ್ಡಪ್ಪನ ಮಗಳು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಾಳೆ. ನನ್ನ ಪರಿಚಯವನ್ನು ಇಂಗ್ಲಿಷಿನಲ್ಲಿ ರೆಕಾರ್ಡ್ ಮಾಡಿ ಅವಳಿಗೆ ವಾಯ್ಸ್ ಮೆಸೇಜ್ ಕಳಿಸಿದೆ. ಪೂರ್ತಿ ಕೇಳಿದಳೋ ಇಲ್ಲವೋ, ಫೋನ್ ಬಂತು. "ಲೇ, ಅದೆಲ್ಲ ಬಿಡೇ. ಇಂಗ್ಲಿಷೂ ಬಿಡು. ಮಂಡೀಲಿ ನೀನು ದಿನಾ ಏನ್ ಮಾಡ್ತೀಯ? ಕನ್ನಡದಲ್ಲೇ ಹೇಳು."

"ಬಿಲ್ ಎಂಟ್ರಿ ಮಾಡ್ತೀನಿ ಅಕ್ಕ. ಅಷ್ಟೇ."

"ಅಷ್ಟೇ ಅಂದ್ರೆ? ಲೆಕ್ಕ ತಾಳೆ ಆಗ್ದೆ ಹೋದ್ರೆ ಯಾರು ನೋಡ್ತಾರೆ?"

ನಾನೇ ನೋಡುತ್ತಿದ್ದೆ. ಆವತ್ತು ರಾತ್ರಿ ಒಂದು ನೋಟ್‌ಬುಕ್ ತಗೊಂಡು ಮಂಡಿಯಲ್ಲಿ ಮಾಡಿದ ಕೆಲಸವನ್ನೆಲ್ಲ ಕನ್ನಡದಲ್ಲಿ ಬರೆಯುತ್ತಾ ಹೋದೆ. ಬರೆದ ಮೇಲೆ ನನಗೇ ಆಶ್ಚರ್ಯ. ನಾಲ್ಕು ಪುಟ ಆಯಿತು.

ಅದರಲ್ಲಿ ಒಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮುಂದೆ ನನ್ನ ಕೈ ಹಿಡಿದದ್ದು ಅದೇ. ಹೊರ ರಾಜ್ಯದ ಒಬ್ಬ ಖರೀದಿದಾರರ ಖಾತೆಯಲ್ಲಿ ನಮ್ಮ ಪುಸ್ತಕಕ್ಕೂ ಅವರ ಪುಸ್ತಕಕ್ಕೂ 18,400 ರೂಪಾಯಿ ವ್ಯತ್ಯಾಸ ಬಂದಿತ್ತು. ಅಷ್ಟು ಬಾಕಿ ಇದೆ ಅಂತ ನಾವು, ಇಲ್ಲವೇ ಇಲ್ಲ ಅಂತ ಅವರು. ಸಾವ್ಕಾರ್ರು ಫೋನಿನಲ್ಲಿ ಜಗಳ ಶುರು ಮಾಡಿದ್ದರು. ಅವರ ಲೆಡ್ಜರ್‌ನ ಪಿಡಿಎಫ್ ತರಿಸಿಕೊಂಡು, ನಮ್ಮದನ್ನೂ ಪ್ರಿಂಟ್ ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಒಂದೊಂದೇ ಬಿಲ್ ಟಿಕ್ ಹಾಕುತ್ತಾ ಬಂದೆ. ಟಿಕ್ ಆಗದೆ ಉಳಿದವು ಮೂರು ಎಂಟ್ರಿ. ಮೂರೂ ಹಮಾಲಿದೇ, ಅಂದರೆ ಮೂಟೆ ಹೊರುವ ಕೂಲಿಯದೇ. ಬಿಲ್‌ನೊಳಗೂ ಹಮಾಲಿ ಸೇರಿತ್ತು, ಆಮೇಲೆ ಅದಕ್ಕೇ ಬೇರೆಯಾಗಿ ಡೆಬಿಟ್ ನೋಟ್ (ಇನ್ನೂ ಇಷ್ಟು ಕೊಡಬೇಕು ಅನ್ನುವ ಚೀಟಿ) ಕೂಡ ಹೋಗಿತ್ತು. ಮೂರನ್ನೂ ಕೂಡಿದರೆ ಸರಿಯಾಗಿ 18,400. ಸರಿಪಡಿಸಿ, ಆ ಮೂರು ಬಿಲ್ ನಂಬರ್ ಹಾಕಿ ಅವರ ಗುಮಾಸ್ತರಿಗೆ ವಾಟ್ಸಾಪ್ ಮಾಡಿದೆ. ಜಗಳ ಅಲ್ಲಿಗೆ ನಿಂತಿತು. ಈ ಜಗಳಕ್ಕೆ ಅವರು ತಡೆಹಿಡಿದಿದ್ದ ಉಳಿದ ಬಿಲ್‌ಗಳ ದುಡ್ಡೂ ಬಂತು.

ಇದನ್ನು ಅಕ್ಕನಿಗೆ ಹೇಳಿದಾಗ ಅವಳು ನಕ್ಕಳು. ಅವಳ ಟೀಮಿನವರು ದಿನವಿಡೀ ಮಾಡುವ ಕೆಲಸವೇ ಅದಂತೆ. ಅಲ್ಲಿಂದ ನಾನು ಕೆಲಸದ ಜಾಹೀರಾತುಗಳನ್ನು ಓದುವ ರೀತಿಯೇ ಬದಲಾಯಿತು. ನೌಕ್ರಿ, ಲಿಂಕ್ಡ್‌ಇನ್‌ನಲ್ಲಿ ಬರುವ ಅಕೌಂಟ್ಸ್ ಹುದ್ದೆಗಳ ವಿವರ ತೆಗೆದು, ಕೇಳಿರುವ ಒಂದೊಂದು ಕೆಲಸದ ಮುಂದೆ ನಾನು ಮಂಡಿಯಲ್ಲಿ ಮಾಡಿದ್ದನ್ನು ಬರೆಯತೊಡಗಿದೆ. ಲೆಡ್ಜರ್ ರಿಕನ್ಸಿಲಿಯೇಶನ್, ಅಂದರೆ ಎರಡು ಕಡೆಯ ಲೆಕ್ಕ ತಾಳೆ ನೋಡೋದು, ಅಂದಿದ್ದರೆ ಹಮಾಲಿ ಕಥೆ. ರಿಸೀವಬಲ್ಸ್ ಏಜಿಂಗ್ ಅಂದಿದ್ದರೆ, ಯಾರ ಬಾಕಿ ಎಷ್ಟು ದಿನದ್ದು ಅಂತ ಸಾವ್ಕಾರ್ರಿಗೆ ವಾರಕ್ಕೊಂದು ಸಲ ಕೊಡುತ್ತಿದ್ದ ಪಟ್ಟಿ. ಜಿಎಸ್‌ಟಿ ಅಂದಿದ್ದರೆ, ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ರಿಟರ್ನ್ ಸಲ್ಲಿಸಲು ಮುಂದಿನ ತಿಂಗಳ 11ನೇ ತಾರೀಕಿನೊಳಗೆ ಬಿಲ್‌ಗಳನ್ನು ಜೋಡಿಸಿ ಆಡಿಟರ್ ಆಫೀಸಿಗೆ ಕಳಿಸಿದ್ದು. ಮುಂದೆ ಏನೂ ಬರೆಯಲಾಗದ ಸಾಲು ಉಳಿದರೆ, ಅದು ನಾನು ಕಲಿಯಬೇಕಾದ್ದು. ಎಕ್ಸೆಲ್‌ನಲ್ಲಿ ವಿಲುಕಪ್, ಪಿವಟ್ ಟೇಬಲ್ ಹಾಗೆ ಕಲಿತದ್ದು, ಮಂಡಿಯ ಲೆಕ್ಕವನ್ನೇ ಎಕ್ಸೆಲ್‌ಗೆ ಇಳಿಸಿಕೊಂಡು.

ಇಂಗ್ಲಿಷ್ ಬಂದದ್ದು ಇದಾದ ಮೇಲೆ. ಒಂದು ಘಟನೆಯನ್ನು ಮೊದಲು ಕನ್ನಡದಲ್ಲಿ ಎರಡು ನಿಮಿಷ ಫೋನಿಗೆ ಹೇಳುತ್ತಿದ್ದೆ. ಕೇಳಿ, ಬೇಡದ್ದನ್ನು ತೆಗೆದು ಇನ್ನೊಂದು ಸಲ. ಆಮೇಲೆ ಇಂಗ್ಲಿಷಿನಲ್ಲಿ, ಚಿಕ್ಕ ಚಿಕ್ಕ ವಾಕ್ಯದಲ್ಲಿ. ಒಂದು ವಾಕ್ಯದಲ್ಲಿ ಒಂದೇ ಕೆಲಸ: ಲೆಡ್ಜರ್ ತರಿಸಿದೆ. ಬಿಲ್ ಹೋಲಿಸಿದೆ. ಮೂರು ಎಂಟ್ರಿ ಸಿಕ್ಕವು. ಹೀಗೆ ಮಾತಾಡಿದರೆ ವ್ಯಾಕರಣ ತಪ್ಪುವ ಜಾಗವೇ ಕಡಿಮೆ. ಉದ್ದನೆಯ ವಾಕ್ಯ ಶುರು ಮಾಡಿ ನಡುವೆ ಸಿಕ್ಕಿಹಾಕಿಕೊಳ್ಳುವ ಭಯವೂ ಇರುವುದಿಲ್ಲ. ಪರಿಸ್ಥಿತಿ ಏನಿತ್ತು, ನಾನೇನು ಮಾಡಬೇಕಿತ್ತು, ಏನು ಮಾಡಿದೆ, ಏನಾಯಿತು ಅನ್ನುವ ಈ ಕ್ರಮಕ್ಕೆ ಟ್ರೈನಿಂಗ್‌ನವರು ಸ್ಟಾರ್ ಮೆಥಡ್ ಅನ್ನುತ್ತಾರೆ. ನಮ್ಮಜ್ಜಿ ಹಸು ಕಳೆದುಹೋಗಿ ಸಿಕ್ಕಿದ್ದನ್ನು ಹೇಳುವಾಗಲೂ ಇದೇ ಕ್ರಮ.

ರೆಸ್ಯೂಮೆ ವಿಷಯ. ನಮ್ಮಲ್ಲಿ ಒಬ್ಬ ಸೀನಿಯರ್‌ದು ವರ್ಷಗಟ್ಟಲೆ ಓಡಾಡುತ್ತಿರುತ್ತದೆ, ಹೆಸರು ಬದಲಾಯಿಸಿ ಎಲ್ಲರೂ ಬಳಸುತ್ತಾರೆ. ನಾನು ಅದರಿಂದ ಅಪ್ಪನ ಹೆಸರು, ಮದುವೆ ಆಗಿದೆಯಾ ಇಲ್ಲವಾ, ಕೊನೆಯ ಡಿಕ್ಲರೇಶನ್, ಮೇಲಿನ ಉದ್ದುದ್ದ ಆಬ್ಜೆಕ್ಟಿವ್ ಎಲ್ಲ ತೆಗೆದೆ. ಮಂಡಿ ಕೆಲಸವನ್ನು ಮಾರ್ಕ್ಸ್‌ಗಿಂತ ಮೇಲೆ ಇಟ್ಟೆ. ಒಂದೇ ಪುಟ. ಬಣ್ಣದ ಎರಡು ಕಾಲಂನ ಟೆಂಪ್ಲೇಟ್ ನೋಡೋಕೆ ಚೆಂದ, ಆದರೆ ಪೋರ್ಟಲ್‌ಗೆ ಅಪ್‌ಲೋಡ್ ಮಾಡಿದರೆ ಫೋನ್ ನಂಬರ್ ಹೋಗಿ ವಿದ್ಯಾರ್ಹತೆಯ ಜಾಗದಲ್ಲಿ ಕೂರುತ್ತದೆ. ಸಾದಾ ಒಂದೇ ಕಾಲಂ ಸಾಕು. ಫೈಲಿನ ಹೆಸರಲ್ಲಿ ನಿಮ್ಮ ಹೆಸರಿರಲಿ. 'ನ್ಯೂ ರೆಸ್ಯೂಮೆ ಫೈನಲ್ 2' ಅಂತ ಬಂದರೆ ಎಚ್‌ಆರ್‌ಗೆ ಅದು ಯಾರದು ಅಂತ ಹೇಗೆ ಗೊತ್ತಾಗಬೇಕು?

ಮೇಲ್‌ನಲ್ಲೂ ಅಷ್ಟೇ. ಸಬ್ಜೆಕ್ಟ್ ಸಾಲಿನಲ್ಲಿ ಹುದ್ದೆ, ಬಿ.ಕಾಂ 2025, ಟ್ಯಾಲಿ ಅನುಭವ, ಈ ಮೂರು. ಒಳಗೆ ಐದಾರು ಸಾಲು: ಎಲ್ಲಿ ಜಾಹೀರಾತು ನೋಡಿದೆ, ಅವರು ಕೇಳಿದ್ದರಲ್ಲಿ ಯಾವ ಎರಡು ಕೆಲಸ ನಾನು ಮಾಡಿದ್ದೇನೆ, ಯಾವಾಗಿಂದ ಬರಬಲ್ಲೆ, ಫೋನ್ ನಂಬರ್. ವಾರ ಕಾದು ಉತ್ತರ ಬರದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಎರಡು ಸಾಲು. ಹೀಗೆ ನೆನಪಿಸಿದ ಮೇಲೆಯೇ ನನಗೆ ಒಂದು ಕಡೆಯಿಂದ ಫೋನ್ ಬಂತು. ಆಗ ನಾನು ಮಂಡಿಯಲ್ಲಿದ್ದೆ. ಕೆಳಗೆ ಲಾರಿ ಲೋಡ್ ಆಗುತ್ತಿತ್ತು, ಹಮಾಲರ ಕೂಗಾಟ. "ಇಲ್ಲಿ ಗಲಾಟೆ ಇದೆ ಮೇಡಂ, ಹತ್ತು ನಿಮಿಷ ಬಿಟ್ಟು ನಾನೇ ಮಾಡಲಾ?" ಅಂತ ಕೇಳಿದೆ. ಸರಿ ಅಂದರು. ಆ ಹತ್ತು ನಿಮಿಷದಲ್ಲಿ ನೋಟ್‌ಬುಕ್ ತೆಗೆದು, ಆ ಕಂಪನಿಯ ಜಾಹೀರಾತಿನ ಪುಟ ಓದಿಕೊಂಡು, ಮಹಡಿ ಹತ್ತಿ ಫೋನ್ ಮಾಡಿದೆ. ಎಚ್‌ಆರ್ ಫೋನ್ ಬಂದ ತಕ್ಷಣ ನಿಂತಲ್ಲೇ ಉತ್ತರ ಕೊಡಬೇಕು ಅಂತೇನಿಲ್ಲ.

ಗ್ರೂಪ್ ಡಿಸ್ಕಶನ್ ಬಗ್ಗೆ ನನಗೆ ಅಂಥ ಗೌರವ ಇಲ್ಲ. ಜೋರು ದನಿಯವರ ಆಟ ಅದು. ಒಂದೆರಡು ಕಡೆ ಕೂತೆ. ಸುಮ್ನೆ ಕೂರದೆ, ಮಾತು ಎಲ್ಲಿಗೆ ಬಂದಿದೆ ಅಂತ ನಡುವೆ ಒಮ್ಮೆ ಹೇಳಿದೆ. ಅಷ್ಟು ಸಾಕಾಯಿತು.

ಕೆಲಸ ಸಿಕ್ಕಿದ ಇಂಟರ್‌ವ್ಯೂನಲ್ಲಿ ಇಬ್ಬರಿದ್ದರು. ಪರಿಚಯದಲ್ಲಿ ಊರು, ಡಿಗ್ರಿ ಒಂದು ಸಾಲಿಗೆ ಮುಗಿಸಿ ನೇರ ಮಂಡಿಗೆ ಬಂದೆ. ಮ್ಯಾನೇಜರ್ ತಲೆ ಎತ್ತಿದರು. "ಕೊಬ್ಬರಿಗೆ ಜಿಎಸ್‌ಟಿ ಇದೆಯಾ?" ಇದೆ, ಶೇ 5, ತೆಂಗಿನಕಾಯಿಗೆ ಇಲ್ಲ ಅಂದೆ. ಬೆಂಬಲ ಬೆಲೆ ಎಷ್ಟು ಅಂದರು. ಉಂಡೆ ಕೊಬ್ಬರಿಗೆ 2025ರ ಹಂಗಾಮಿಗೆ ಕ್ವಿಂಟಲ್‌ಗೆ 12,100, ಮಾರುಕಟ್ಟೆ ಅದಕ್ಕಿಂತ ಎಷ್ಟೋ ಮೇಲಿದೆ ಅಂದೆ. ಆಮೇಲೆ ಹಮಾಲಿ ಕಥೆ. ಅದರ ಮೇಲೆ ಬಿಡದೆ ಕೇಳಿದರು: ಡೆಬಿಟ್ ನೋಟ್ ತಪ್ಪು ಅಂತ ಗೊತ್ತಾದ ಮೇಲೆ ಎಂಟ್ರಿ ಅಳಿಸಿದಿರಾ? ಇಲ್ಲ ಸರ್, ರಿಟರ್ನ್ ಆಗಲೇ ಹೋಗಿತ್ತು, ಆಡಿಟರ್‌ನ ಕೇಳಿ ಅಷ್ಟನ್ನೂ ಕಳೆಯೋಕೆ ಕ್ರೆಡಿಟ್ ನೋಟ್ ಹಾಕಿದೆವು. ಒಂದು ಕಡೆ ಇಂಗ್ಲಿಷ್ ಪದ ಸಿಗದೆ ನಿಂತೆ. "ಕನ್ನಡದಲ್ಲೇ ಹೇಳಿಯಮ್ಮ" ಅಂದರು. ಆ ಒಂದು ವಾಕ್ಯ ಕನ್ನಡದಲ್ಲಿ ಹೇಳಿ ಮತ್ತೆ ಇಂಗ್ಲಿಷಿಗೆ ಬಂದೆ. ಎಲ್ಲ ಕಡೆ ಹೀಗೆ ಬಿಡುವುದಿಲ್ಲ, ಗೊತ್ತು. ಆದರೆ ಕೆಲಸದ ಮಾತು ಶುರುವಾದ ಮೇಲೆ ಅವರು ನನ್ನ ಉಚ್ಚಾರಣೆ ನೋಡುತ್ತಿರಲಿಲ್ಲ, ಲೆಕ್ಕ ನೋಡುತ್ತಿದ್ದರು.

ಸಂಬಳದ ಮಾತು ಯಾವ ಕ್ಲಾಸಿನಲ್ಲೂ ಬರಲಿಲ್ಲ. ಸಿಟಿಸಿ, ಅಂದರೆ ನನಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ವರ್ಷಕ್ಕೆ 2.64 ಲಕ್ಷ ಅಂದರು. ತಿಂಗಳಿಗೆ 22,000 ಅಂತ ಮನೆಯಲ್ಲಿ ಖುಷಿ. ಅದರಲ್ಲಿ ಯಾವುದಕ್ಕೆ ಎಷ್ಟು ಅಂತ ಬಿಡಿಸಿ ಕೊಡಿ ಅಂತ ನಾನು ಮೇಲ್ ಮಾಡಿದೆ. ಬೇಸಿಕ್ 12,500. ಕಂಪನಿ ಕಟ್ಟುವ ಪಿಎಫ್ ಶೇ 12, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಶೇ 4.81, ಆಸ್ಪತ್ರೆ ಖರ್ಚಿನ ವಿಮೆಯಾದ ಇಎಸ್‌ಐಗೆ ಕಂಪನಿ ಪಾಲು, ಎಲ್ಲವೂ ಆ 22,000ದ ಒಳಗೇ. ಮತ್ತೆ ನನ್ನ ಪಾಲಿನ ಪಿಎಫ್, ಇಎಸ್‌ಐ ಕಳೆದರೆ ಕೈಗೆ 17,600ರ ಹತ್ತಿರ. ಗೊತ್ತಿದ್ದೇ ಒಪ್ಪಿಕೊಂಡೆ, ಪಿಜಿ ಬಾಡಿಗೆ ಲೆಕ್ಕ ಹಾಕಿಯೇ ಹೊರಟೆ. ಇಷ್ಟು ಕಾಲ ಕೆಲಸ ಬಿಡಬಾರದು ಅನ್ನುವ ಬಾಂಡ್ ಇದೆಯಾ, ಶಿಫ್ಟ್ ಯಾವುದು, ರಾತ್ರಿ ಶಿಫ್ಟ್‌ಗೆ ಕ್ಯಾಬ್ ಇದೆಯಾ, ಇವನ್ನೂ ಅದೇ ಮೇಲ್‌ನಲ್ಲಿ ಕೇಳಿದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಇದಕ್ಕೂ ಮೊದಲು ಒಂದು ಕನ್ಸಲ್ಟೆನ್ಸಿಯವರು 'ಆಫರ್ ಲೆಟರ್ ರೆಡಿ ಇದೆ, ಲ್ಯಾಪ್‌ಟಾಪ್ ಡೆಪಾಸಿಟ್ ಕಟ್ಟಿ' ಅಂದಿದ್ದರು. ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲಿಗೆ ಮಾತು ಮುಗಿಸಿ.

ಡಿಗ್ರಿ ಆಗಿ 180 ದಿನ ಕೆಲಸ ಸಿಗದಿದ್ದರೆ ಯುವನಿಧಿಯಲ್ಲಿ ತಿಂಗಳಿಗೆ 3,000 ಬರುತ್ತದಲ್ಲ, ನಮ್ಮಪ್ಪ ಅದರ ಲೆಕ್ಕವನ್ನೂ ಹಾಕಿಟ್ಟಿದ್ದರು ಅನ್ನಿ.

ಈಗ ಜೂನಿಯರ್‌ಗಳು ರೆಸ್ಯೂಮೆ ಕಳಿಸಿ ಅಕ್ಕ ಅಂತ ಕೇಳುತ್ತಾರೆ. ನಾನು ಕಳಿಸುವುದಿಲ್ಲ, ಫೋನ್ ಮಾಡು ಅನ್ನುತ್ತೇನೆ. ಹೋದ ತಿಂಗಳು ಒಬ್ಬಳು ಮಾಡಿದ್ದಳು. "ನಾನೇನೂ ಮಾಡಿಲ್ಲ ಅಕ್ಕ, ಸುಮ್ನೆ ಜೆರಾಕ್ಸ್ ಅಂಗಡೀಲಿ ಕೂತಿರ್ತೀನಿ" ಅಂದಳು. ಅಲ್ಲಿ ಏನೇನು ಕೆಲಸ ಬರುತ್ತೆ ಅಂತ ಕೇಳಿದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ ಹಾಕುತ್ತಾಳಂತೆ. ದುಡ್ಡು ಬರಲಿಲ್ಲ ಅಂತ ವಾಪಸ್ ಬಂದವರಲ್ಲಿ ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆ ಆಗಿಲ್ಲದ್ದು ಯಾವುದು, ಹೆಸರಿನ ಸ್ಪೆಲ್ಲಿಂಗ್ ಬೇರೆ ಇರುವುದು ಯಾವುದು ಅಂತ ಪಟ್ಟಿ ಮಾಡಿ, ಯಾರು ಬ್ಯಾಂಕಿಗೆ ಹೋಗಬೇಕು, ಯಾರು ಕಾಲೇಜಿಗೆ ಹೋಗಬೇಕು ಅಂತ ಬರೆದುಕೊಡುತ್ತಾಳಂತೆ. ಅದನ್ನೇ ಬರೆದು ಕಳಿಸು ಅಂದೆ, ಕನ್ನಡದಲ್ಲಿ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್‌ನಲ್ಲಿ ಎರಡು ಪುಟದ ಫೋಟೋ ಬಂತು, ಕೆಳಗೆ ಒಂದು ಪ್ರಶ್ನೆ: "ಇದಕ್ಕೆ ಕಸ್ಟಮರ್ ಸಪೋರ್ಟ್ ಹುದ್ದೆಗೆ ಹಾಕಬಹುದಾ, ಡಾಕ್ಯುಮೆಂಟ್ ವೆರಿಫಿಕೇಶನ್‌ಗಾ?" ಎರಡಕ್ಕೂ ಹಾಕು ಅಂದಿದ್ದೇನೆ.